ಫಲಿತಾಂಶ ಬಿದ್ದರೆ ನೋಟಿಸ್ ಎಚ್‌ಎಂಗೆ ಮಾತ್ರ ಯಾಕೆ?

ಬಿಸಿಲೂರ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಕಲಬುರಗಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಎರಡು ವರ್ಷದಿಂದ ಪ್ರಭಾರ ಮುಖ್ಯ ಶಿಕ್ಷಕ (ಎಚ್‌ಎಂ) ನಾನು. ಪ್ರಭಾರ ಅಂದರೆ ಗೊತ್ತಲ್ಲ, ಕುರ್ಚಿ ಬಂತು, ಬೀಗದ ಕೈ ಗೊಂಚಲು ಬಂತು, ಆದರೆ ನನ್ನ ಸಮಾಜ ವಿಜ್ಞಾನದ ಪಿರಿಯಡ್‌ಗಳು ಹಾಗೇ ಉಳಿದವು. ಊರಿನ ಹೆಸರು ಬೇಡ.

2025ರ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರಲ್ಲಿ ನಮ್ಮ ಜಿಲ್ಲೆ ಶೇ 42.43 ತೆಗೆದು ರಾಜ್ಯಕ್ಕೇ ಕೊನೆ ಬಂತು. ನಮ್ಮ ಶಾಲೆಯಲ್ಲಿ 41 ಮಕ್ಕಳು ಬರೆದರು, 16 ಪಾಸು. ಆಮೇಲೆ ಬಂತು ನೋಟಿಸ್. ಫಲಿತಾಂಶ ಕಡಿಮೆಯಾಗಲು ಕಾರಣವೇನು, ಮೂರು ದಿನದೊಳಗೆ ಲಿಖಿತ ಸಮಜಾಯಿಷಿ ಕೊಡಿ ಅಂತ. ನಾನೂ ಕೂತು ನಾಲ್ಕು ಪುಟ ಬರೆದೆ. ಗಣಿತದ ಹುದ್ದೆ ಖಾಲಿ ಇತ್ತು, ಅತಿಥಿ ಶಿಕ್ಷಕರು ಬಂದದ್ದು ಆಗಸ್ಟ್‌ನಲ್ಲಿ. ಏಳು ಮಕ್ಕಳು ದೀಪಾವಳಿ ಆದ ಮೇಲೆ ಅಪ್ಪ ಅಮ್ಮನ ಜೊತೆ ಪುಣೆ, ಬೆಂಗಳೂರು ಕಡೆ ಕೆಲಸಕ್ಕೆ ಹೋಗಿ ಫೆಬ್ರವರಿಯಲ್ಲಿ ವಾಪಸ್ ಬಂದರು. ಎಲ್ಲಾ ಹಾಜರಾತಿ ಪುಸ್ತಕದ ನಕಲು ಸಮೇತ ಕೊಟ್ಟೆ. 'ಸಮಜಾಯಿಷಿ ತೃಪ್ತಿಕರವಾಗಿಲ್ಲ' ಅಂತ ಒಂದೇ ಸಾಲಿನ ಉತ್ತರ ಬಂತು. ಯಾವ ಪುಟ ತೃಪ್ತಿಕರವಾಗಿಲ್ಲ ಅಂತ ಹೇಳಿದ್ದರೆ ಅದನ್ನಾದರೂ ತಿದ್ದಿ ಬರೆಯುತ್ತಿದ್ದೆ.

ಈ ವರ್ಷ ಮಕ್ಕಳನ್ನು ಕಲಿಕೆಯ ಮಟ್ಟ ನೋಡಿ ಎ, ಬಿ, ಸಿ ಅಂತ ಭಾಗ ಮಾಡಿಸಿದ್ದಾರೆ. ಎ ತಾನಾಗೇ ಪಾಸಾಗುತ್ತದೆ, ಬಿ ಮೇಲೆ ಗಮನ ಕೊಡಿ, ಗುರಿ ಶೇ 75. ಸರಿ. ಸಿ ಬಗ್ಗೆ ಸಭೆಯಲ್ಲಿ ಕೇಳಿದೆ, 'ಅವರಿಗೂ ಪಾಸಿಂಗ್ ಪ್ಯಾಕೇಜ್ ಕೊಡಿ' ಅಂದರು, ಅಂದರೆ ಪಾಸಾಗುವಷ್ಟಕ್ಕೆ ಆರಿಸಿದ ಪ್ರಶ್ನೋತ್ತರ.

ಸಿ ಗುಂಪಿನ ಒಬ್ಬ ಹುಡುಗನ ಬಗ್ಗೆ ಹೇಳುತ್ತೇನೆ. ಅವನ ನೋಟ್ಸ್ ನೋಡಿದರೆ ಅಕ್ಷರ ಮುತ್ತು ಪೋಣಿಸಿದ ಹಾಗೆ. ನಾನೇ ಒಂದು ಸಲ ಕ್ಲಾಸಿಗೆಲ್ಲ ತೋರಿಸಿ ಹೊಗಳಿದ್ದೆ. ಕಳೆದ ತಿಂಗಳು ಅದೇ ನೋಟ್ಸ್ ಕೈಗೆ ಕೊಟ್ಟು ಒಂದು ಸಾಲು ಓದಪ್ಪ ಅಂದೆ. ಬೆರಳಿಟ್ಟ. 'ಬ... ಬ್ರಿ...' ಅಂದ. ನಿಂತುಬಿಟ್ಟ. ಬೋರ್ಡ್ ಮೇಲಿದ್ದನ್ನು ಚಿತ್ರ ಬರೆದ ಹಾಗೆ ಬರೆಯುತ್ತಾನೆ, ಓದೋಕೆ ಬರಲ್ಲ. ಹತ್ತನೇ ಕ್ಲಾಸು. ಹತ್ತು ವರ್ಷ ಎಷ್ಟು ಮೇಷ್ಟ್ರ ಕಣ್ಣು ತಪ್ಪಿಸಿಕೊಂಡು ಬಂದ ಅಂತ ಲೆಕ್ಕ ಹಾಕಿದೆ. ಅದರಲ್ಲಿ ನಾನೂ ಇದ್ದೇನೆ.

ಬೇರೆ ಎಚ್‌ಎಂಗಳು ಏನು ಮಾಡುತ್ತಿದ್ದೀರಿ, ನಿಜ ಹೇಳಿ. ಸಭೆಯಲ್ಲಿ ಹೇಳುವುದು ಬೇಡ.

ತೆರಿಗೆ ಕಟ್ಟುವವ

ನಿಜ ಹೇಳಿ ಅಂದಿರಲ್ಲ, ಹೇಳುತ್ತೇನೆ. ಸಂಬಳ ಜನರ ದುಡ್ಡು. 41ರಲ್ಲಿ 25 ಮಕ್ಕಳು ಫೇಲಾದರೆ ಯಾರನ್ನಾದರೂ ಕೇಳಬೇಕು ತಾನೇ? ನಮ್ಮ ಆಫೀಸಿನಲ್ಲಿ ಮೂರು ತಿಂಗಳು ಟಾರ್ಗೆಟ್ ಮುಟ್ಟದಿದ್ದರೆ ಮನೆಗೆ ಕಳಿಸುತ್ತಾರೆ. ನಿಮಗೆ ಬರೀ ನೋಟಿಸ್.

ಹಳೇ ಗಂಟೆ

ತೆರಿಗೆಯವರೇ, ಕೇಳಬಾರದು ಅಂತ ಯಾರೂ ಹೇಳಿಲ್ಲ. ಕೇಳುವ ರೀತಿಗೆ ತಕ್ಕ ಉತ್ತರ ಬರುತ್ತದೆ, ಅಷ್ಟೇ. ನಾನು ನಿವೃತ್ತ ಎಚ್‌ಎಂ, ಮೂವತ್ತು ಚಿಲ್ಲರೆ ವರ್ಷ ಸರ್ವಿಸ್, ಈಗ ಪಿಂಚಣಿಗೆ ಯಾರೂ ಕೈ ಹಾಕಲ್ಲ ಅನ್ನುವ ಧೈರ್ಯದಲ್ಲಿ ಬರೆಯುತ್ತಿದ್ದೇನೆ. ಜಿಲ್ಲೆ ಯಾವುದು ಅಂತ ಕೇಳಬೇಡಿ.

ಒಂದು ವರ್ಷ ನಮ್ಮ ಶಾಲೆ ತಾಲೂಕಿನ ಕೊನೆ ಹತ್ತರಲ್ಲಿ ಬಂತು. ಸಭೆಯಲ್ಲಿ 'ಕೊನೆ ಹತ್ತು ಶಾಲೆಯವರು ಎದ್ದು ನಿಲ್ಲಿ' ಅಂದರು. ನಿಂತೆ. ನನ್ನ ಹತ್ತಿರವೇ ಓದಿ ಮೇಷ್ಟ್ರಾದ ಹುಡುಗನೊಬ್ಬ ಮೂರನೇ ಸಾಲಿನಲ್ಲಿ ಕೂತಿದ್ದ. ತಲೆ ತಗ್ಗಿಸಿಕೊಂಡ, ಪಾಪ.

ಮರುವರ್ಷ ನಮ್ಮ ಶಾಲೆಯೇ ಪರೀಕ್ಷಾ ಕೇಂದ್ರ. ಗಣಿತದ ದಿನ ಕೊನೆಯ ಅರ್ಧ ಗಂಟೆ ನಾನು ಅಕ್ಷರ ದಾಸೋಹದ ಕೋಣೆಗೆ ಹೋಗಿ ಅಕ್ಕಿ ಮೂಟೆ ಎಣಿಸುತ್ತಾ ನಿಂತೆ. ಹದಿನಾಲ್ಕು ಮೂಟೆ. ಮೂರು ಸಲ ಎಣಿಸಿದೆ. ಹಾಲ್‌ಗಳಲ್ಲಿ ಏನು ನಡೆಯುತ್ತಿದೆ ಅಂತ ಗೊತ್ತಿತ್ತು, ನೋಡಿಲ್ಲ ಅಂತ ಹೇಳಿಕೊಳ್ಳಬೇಕಿತ್ತು ಅಷ್ಟೇ. ಆ ವರ್ಷ ನಮಗೆ ಶಾಲು, ಹಾರ, ಒಂದು ಫಲಕ. ಫಲಕ ಈಗಲೂ ಮನೆಯಲ್ಲಿದೆ. ನನ್ನ ಹೆಂಡತಿ ಅದರ ಹಿಂದೆ ಕರೆಂಟ್ ಬಿಲ್ ಸಿಕ್ಕಿಸುತ್ತಾಳೆ.

ಆಮೇಲೆ 2024ರಲ್ಲಿ ವೆಬ್‌ಕಾಸ್ಟಿಂಗ್ ಬಂತು. ಪ್ರತಿ ಹಾಲ್‌ಗೆ ಕ್ಯಾಮೆರಾ, ಅತ್ತ ಕಂಟ್ರೋಲ್ ರೂಮಿನಲ್ಲಿ ಕೂತು ನೋಡುವವರು. ಮೊದಲ ದಿನ ಮಕ್ಕಳಿಗಿಂತ ಕೊಠಡಿ ಮೇಲ್ವಿಚಾರಕರೇ ಜಾಸ್ತಿ ಕ್ಯಾಮೆರಾ ನೋಡುತ್ತಿದ್ದರು. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89 ಇತ್ತು, 2024ಕ್ಕೆ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ! 2023ರಲ್ಲಿ ಮೊದಲ ಸ್ಥಾನದಲ್ಲಿದ್ದ ಚಿತ್ರದುರ್ಗ 21ಕ್ಕೆ ಹೋಯಿತು. ಒಂದು ಜಿಲ್ಲೆಯನ್ನೇ ಬೆರಳು ಮಾಡಿ ತೋರಿಸಬೇಡಿ, ಇಡೀ ರಾಜ್ಯದ ಪಂಚೆ ಜಾರಿದ್ದು ಅದು.

ಕ್ಯಾಮೆರಾ ಬಂದದ್ದು ಒಳ್ಳೆಯದೇ ಆಯಿತು. ಇನ್ನೂ ಹತ್ತು ವರ್ಷ ಮೊದಲೇ ಬರಬೇಕಿತ್ತು.

ತೆರಿಗೆ ಕಟ್ಟುವವ

ಗುರುಗಳೇ, ಇಷ್ಟು ನೇರವಾಗಿ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಆದರೆ ನೋಡಿ, ನಿಗಾ ಇಟ್ಟರೆ ಸತ್ಯ ಹೊರಗೆ ಬರುತ್ತದೆ ಅಂತ ನೀವೇ ಹೇಳಿದ ಹಾಗಾಯಿತಲ್ವಾ? ಅಂದಮೇಲೆ ಲೆಕ್ಕ ಕೇಳುವುದು ಸರಿಯೇ.

ಹಳೇ ಗಂಟೆ

ಸರಿಯೇ. ಆದರೆ ಕ್ಯಾಮೆರಾ ಇಟ್ಟದ್ದು ಹತ್ತನೇ ಕ್ಲಾಸಿನ ಕೊನೆಯ ವಾರದಲ್ಲಿ. ಬಿಸಿಲೂರ ಮೇಷ್ಟ್ರು ಹೇಳಿದ ಆ ಹುಡುಗ ಓದೋಕೆ ಬರದೆ ಉಳಿದದ್ದು ಎರಡನೇ ಕ್ಲಾಸಿನಲ್ಲಿ.

ಅನುದಾನಿತೆ

ನಾನು ಅನುದಾನಿತ ಶಾಲೆಯ ಎಚ್‌ಎಂ. ನಮಗೆ ನೋಟಿಸ್ ಜೊತೆಗೆ ಅನುದಾನದ ಹೆದರಿಕೆಯೂ ಇದೆ, ಮೇಲೆ ಆಡಳಿತ ಮಂಡಳಿ ಬೇರೆ. ಯಾರೂ ಬಾಯಿ ಬಿಡದ ಒಂದು ವಿಷಯ ಹೇಳಿಬಿಡುತ್ತೇನೆ. ಶೇಕಡಾ ಅಂದರೆ ಒಂದು ಭಿನ್ನರಾಶಿ. ಅಂಶ ಹೆಚ್ಚಿಸೋಕೆ ವರ್ಷಗಟ್ಟಲೆ ಕೆಲಸ ಬೇಕು. ಛೇದ ಕಡಿಮೆ ಮಾಡೋಕೆ ಒಂದು ಮಧ್ಯಾಹ್ನ ಸಾಕು.

ಹೇಗೆ ಅಂತೀರಾ? ಒಂಬತ್ತರ ಫಲಿತಾಂಶ ಕೊಡುವ ದಿನ ಅಪ್ಪನನ್ನು ಕರೆದು 'ನಿಮ್ಮ ಹುಡುಗನಿಗೆ ಇಲ್ಲಿ ಕಷ್ಟ ಆಗುತ್ತೆ, ಬೇರೆ ಕಡೆ ನೋಡಿ' ಅಂತ ನಯವಾಗಿ ಹೇಳಿ ಟಿಸಿ ಕೈಗಿಡುವುದು. ಇಲ್ಲವೇ ಹತ್ತನೇ ಕ್ಲಾಸಿಗೆ ಸೇರಿಸಿಕೊಂಡು ಶೇ 75 ಹಾಜರಾತಿ ಇಲ್ಲ ಅಂತ ಕೂರಿಸುವುದು. ಇನ್ನೂ ಜಾಣರು ಖಾಸಗಿ ಅಭ್ಯರ್ಥಿಯಾಗಿ ಕಟ್ಟಿಸುತ್ತಾರೆ, ಶಾಲೆಯ ಲೆಕ್ಕಕ್ಕೆ ಬರುವುದೇ ಇಲ್ಲ. ಜೂನ್‌ನಲ್ಲಿ ಗೇಟಿನ ಮೇಲೆ ನೂರಕ್ಕೆ ನೂರು ಫ್ಲೆಕ್ಸ್ ಹಾಕುವ ಶಾಲೆಗಳಲ್ಲಿ, ಒಂಬತ್ತರಲ್ಲಿ ಎಷ್ಟು ಮಕ್ಕಳಿದ್ದರು ಹತ್ತರಲ್ಲಿ ಎಷ್ಟು ಬರೆದರು ಅಂತ ಯಾವ ಪೋಷಕರೂ ಕೇಳಲ್ಲ. ಕೇಳಿ ನೋಡಿ ಒಂದು ಸಲ.

ನಾನು ಮಾಡಿದ್ದೀನಾ? ಒಂದು ವರ್ಷ ಎರಡು ಟಿಸಿಗೆ ಸಹಿ ಹಾಕಿದ್ದೇನೆ. ಒಬ್ಬಳು ಸರ್ಕಾರಿ ಶಾಲೆಗೆ ಸೇರಿ ಪಾಸಾದಳು. ಇನ್ನೊಬ್ಬನ ಸುದ್ದಿ ಗೊತ್ತಿಲ್ಲ.

ಬಿಸಿಲೂರ ಮೇಷ್ಟ್ರು

ಮೇಡಂ, ಆ ಟಿಸಿ ಮಕ್ಕಳು ಬಂದು ಸೇರುವುದು ನಮ್ಮ ಹತ್ತಿರವೇ. ಆಮೇಲೆ ಅವರ ನೋಟಿಸ್ ನನಗೆ.

ಅನುದಾನಿತೆ

ಗೊತ್ತು ಸರ್.

ಬೈಕ್ ಸಿಆರ್‌ಪಿ

ನಾನು ಸಿಆರ್‌ಪಿ, ಅಂದರೆ ಒಂದು ಕ್ಲಸ್ಟರ್‌ನ ಶಾಲೆಗಳನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ. ನಡುವೆ ಬಾಯಿ ಹಾಕುತ್ತೇನೆ, ಬೈಯಬೇಡಿ. ನಮ್ಮನ್ನು ಕಂಡರೆ ಎಚ್‌ಎಂಗಳಿಗೆ ಆಗಲ್ಲ, ಗೊತ್ತಿದೆ. ಬೆಳಗ್ಗೆ ಏಳಕ್ಕೆ ಮೇಲಿನಿಂದ ವಾಟ್ಸಾಪ್ ಬರುತ್ತದೆ, 'ತುರ್ತು, 11 ಗಂಟೆಯೊಳಗೆ'. ಅದೇ ಮೆಸೇಜನ್ನು ನಾನು ಕ್ಲಸ್ಟರ್ ಗುಂಪಿಗೆ ಹಾಕುತ್ತೇನೆ, 'ಅತಿ ತುರ್ತು, 10.30ರೊಳಗೆ'. ಎಷ್ಟು ಮೊಟ್ಟೆ, ಎಷ್ಟು ಬಾಳೆಹಣ್ಣು, ಹಾಲು ಎಷ್ಟು ಮಕ್ಕಳು ಕುಡಿದರು, ಸ್ಯಾಟ್ಸ್‌ನಲ್ಲಿ (ರಾಜ್ಯದ ವಿದ್ಯಾರ್ಥಿ ಮಾಹಿತಿ ತಂತ್ರಾಂಶ) ಎಷ್ಟು ಎಂಟ್ರಿ ಬಾಕಿ, ಯು-ಡೈಸ್‌ನಲ್ಲಿ (ಕೇಂದ್ರದ ಶಾಲಾ ಮಾಹಿತಿ ಪೋರ್ಟಲ್) ಎಷ್ಟು ಆಧಾರ್ ತಾಳೆಯಾಗಿಲ್ಲ. ಈ ವರ್ಷ ಪಾಠ ಆಧಾರಿತ ಮೌಲ್ಯಾಂಕನ ಬೇರೆ, ಪಾಠ ಮುಗಿದ ಹಾಗೆಲ್ಲಾ ಪರೀಕ್ಷೆ, ಪ್ರತಿ ಮಗುವಿನ ಅಂಕ ಆನ್‌ಲೈನ್. ಯೋಚನೆ ಚೆನ್ನಾಗಿದೆ, ಮಗು ಎಲ್ಲಿ ತೊಡರಿತು ಅಂತ ಆಗಿಂದಾಗ್ಗೆ ಗೊತ್ತಾಗಲಿ ಅಂತ. ಆದರೆ ನಾನು ಶಾಲೆಗೆ ಹೋದಾಗ ಕೇಳುವುದು 'ಎಂಟ್ರಿ ಆಯ್ತಾ' ಅಂತ. 'ಮಗು ಎಲ್ಲಿ ತೊಡರಿತು' ಅಂತ ಒಂದು ಸಲವೂ ಕೇಳಿಲ್ಲ, ಯಾಕೆಂದರೆ ನನ್ನನ್ನು ಯಾರೂ ಅದನ್ನು ಕೇಳಲ್ಲ.

ಸುಮ್ನೆ ಹೇಳುತ್ತಿಲ್ಲ, ನನ್ನ ಫೋನಿನಲ್ಲಿ ಇಂತಹ ಗುಂಪು 23 ಇವೆ. ಈಗಷ್ಟೇ ಎಣಿಸಿದೆ.

ಕಡಲ ಮೇಡಂ

ಕರಾವಳಿಯವಳು ನಾನು. ನಮ್ಮ ಉಡುಪಿ, ದಕ್ಷಿಣ ಕನ್ನಡ ಹೆಚ್ಚಿನ ವರ್ಷ ಮೇಲೆ ಇರುತ್ತವೆ, ನಿಮಗೇನು ಆರಾಮ ಅಂತ ಕೇಳುವವರೇ ಜಾಸ್ತಿ. 2024ರಲ್ಲಿ ಉಡುಪಿ ಶೇ 94, 2025ರಲ್ಲಿ ದಕ್ಷಿಣ ಕನ್ನಡ 91.12. ನಮ್ಮಲ್ಲಿ ಸಭೆ ನಡೆಯುವುದು ಉಳಿದ 9 ಯಾಕೆ ಹೋಯಿತು ಅಂತ! ಆದರೆ ಪ್ರಾಮಾಣಿಕವಾಗಿ ಹೇಳಬೇಕು, ನನ್ನ ಶಾಲೆಯ ತೊಂಬತ್ತು ಚಿಲ್ಲರೆಯಲ್ಲಿ ನನ್ನ ಪಾಲು ಎಷ್ಟು, ಮಗು ಮನೆಗೆ ಹೋದ ಮೇಲೆ ಪುಸ್ತಕ ತೆಗಿ ಅನ್ನುವ ಅಮ್ಮಂದಿರ ಪಾಲು ಎಷ್ಟು ಅಂತ ನನಗೆ ಬಿಡಿಸಿ ಹೇಳೋಕೆ ಬರಲ್ಲ. ನನ್ನನ್ನು ಮೇಷ್ಟ್ರ ಶಾಲೆಗೆ ವರ್ಗ ಮಾಡಿದರೆ ನಾನೂ 16ರ ಆಸುಪಾಸಿನಲ್ಲೇ ಇರುತ್ತೇನೆ ಅನ್ನಿಸುತ್ತದೆ.

ರೀಡಿಂಗ್ ಕನ್ನಡಿಗ

ಇಂಗ್ಲೆಂಡಿನ ರೀಡಿಂಗ್‌ನಿಂದ ಬರೆಯುತ್ತಿದ್ದೇನೆ, ಇಲ್ಲಿ ಮಾಧ್ಯಮಿಕ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಅನುದಾನಿತೆ ಮೇಡಂ ಹೇಳಿದ ಛೇದದ ಕಥೆ ಇಲ್ಲೂ ಇದೆ, ಅದಕ್ಕೊಂದು ಹೆಸರೇ ಇದೆ, ಆಫ್-ರೋಲಿಂಗ್. 16ನೇ ವಯಸ್ಸಿನ ಪರೀಕ್ಷೆಗೆ ಮೊದಲು ಹಿಂದುಳಿದ ಮಕ್ಕಳ ಹೆಸರು ಮೆಲ್ಲಗೆ ಪಟ್ಟಿಯಿಂದ ಜಾರುತ್ತದೆ. ಏಳು ಸಮುದ್ರ ದಾಟಿದರೂ ಎಚ್‌ಎಂ ತಲೆ ಓಡುವುದು ಒಂದೇ ದಾರಿಯಲ್ಲಿ.

ಇಲ್ಲಿ ಆಫ್‌ಸ್ಟೆಡ್ ಅಂತ ತಪಾಸಣಾ ಸಂಸ್ಥೆ. ಬಂದು ನೋಡಿ ಇಡೀ ಶಾಲೆಗೆ ಒಂದೇ ಪದದ ತೀರ್ಪು ಕೊಡುತ್ತಿದ್ದರು, ನಾಲ್ಕು ದರ್ಜೆ, ತೀರಾ ಕೆಳಗಿನದು 'ಇನ್‌ಅಡಿಕ್ವೇಟ್'. ನಮ್ಮ ಊರಿನದೇ ಒಂದು ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿ ಅಂಥ ತಪಾಸಣೆಯ ನಂತರ 2023ರ ಜನವರಿಯಲ್ಲಿ ಜೀವ ಕಳೆದುಕೊಂಡರು. ಸಾವಿಗೆ ತಪಾಸಣೆಯೂ ಒಂದು ಕಾರಣ ಅಂತ ಅದೇ ಡಿಸೆಂಬರ್‌ನಲ್ಲಿ ಮರಣ ವಿಚಾರಣೆಯ ಅಧಿಕಾರಿ ಹೇಳಿದರು. 2024ರ ಸೆಪ್ಟೆಂಬರ್‌ನಲ್ಲಿ ಆ ಒಂದು ಪದದ ತೀರ್ಪನ್ನು ಕೈಬಿಟ್ಟರು. ತಪಾಸಣೆ ಹೋಗಿಲ್ಲ, ಒಂದು ಪದ ಹೋಯಿತು.

ಇನ್ನೊಂದು ವಿಷಯ ನಿಮಗೆ ಉಪಯೋಗಕ್ಕೆ ಬರಬಹುದು. ಇಲ್ಲಿ 2016ರಲ್ಲಿ ಪ್ರೋಗ್ರೆಸ್ 8 ಅಂತ ಒಂದು ಅಳತೆ ತಂದರು. ಮಗು 11ನೇ ವಯಸ್ಸಿನಲ್ಲಿ ಎಲ್ಲಿತ್ತು, 16ಕ್ಕೆ ಎಲ್ಲಿಗೆ ಬಂತು, ಅದೇ ಮಟ್ಟದಲ್ಲಿದ್ದ ಬೇರೆ ಮಕ್ಕಳಿಗೆ ಹೋಲಿಸಿದರೆ ಹೇಗೆ ಅಂತ ನೋಡುವ ಅಳತೆ ಅದು. ಅದರಲ್ಲೂ ಆಟ ಆಡುವವರು ಇದ್ದಾರೆ, ಬಡ ಮಕ್ಕಳು ಜಾಸ್ತಿ ಇರುವ ಶಾಲೆಗೆ ಅದೂ ಪೂರ್ತಿ ನ್ಯಾಯ ಅಲ್ಲ. ಆದರೂ ಕಡಲ ಮೇಡಂ ಶಾಲೆಯನ್ನೂ ಬಿಸಿಲೂರಿನ ಶಾಲೆಯನ್ನೂ ಒಂದೇ ಕೋಲಿನಲ್ಲಿ ಅಳೆಯುವುದಕ್ಕಿಂತ ವಾಸಿ.

ತೆರಿಗೆ ಕಟ್ಟುವವ

ಈ ಅಳತೆ ಅರ್ಥ ಆಯಿತು. ನಮ್ಮಲ್ಲಿ ಯಾಕೆ ಮಾಡಲ್ಲ? ಎಂಟನೇ ಕ್ಲಾಸಿನ ಅಂಕ ಇರುತ್ತದಲ್ಲ?

ತುಂಗಭದ್ರಾ ಟೀಚರ್

ಎಂಟರ ಅಂಕವಾ? ಕೇಳಿ ಆ ಕಥೆ. 2024ರ ಮಾರ್ಚ್‌ನಲ್ಲಿ 5, 8, 9ಕ್ಕೆ ಬೋರ್ಡ್ ಪರೀಕ್ಷೆ ಅಂದರು. ಅರ್ಧ ಬರೆಸಿದ ಮೇಲೆ ಕೋರ್ಟ್ ತಡೆ. ಆಮೇಲೆ ಹೈಕೋರ್ಟ್ ಮಾಡಿ ಅಂತು, ಉಳಿದ ಪೇಪರ್ ಬರೆಸಿದೆವು. ಏಪ್ರಿಲ್ 8ಕ್ಕೆ ಫಲಿತಾಂಶ. ಬೆಳಗ್ಗೆ ನಾವು ಮಕ್ಕಳಿಗೆ ಹೇಳಿ ಮುಗಿಸಿದ್ದೆವು, ಅದೇ ದಿನ ಸುಪ್ರೀಂ ಕೋರ್ಟ್ ಪ್ರಕಟಿಸಬೇಡಿ ಅಂತು. ಸಂಜೆ ಒಬ್ಬ ಅಜ್ಜ ಮೊಮ್ಮಗಳನ್ನು ಕರೆದುಕೊಂಡು ಬಂದು 'ಬಾಯೋರೇ, ಇವಳು ಪಾಸೋ, ಪಾಸಲ್ಲೋ' ಅಂದ. ನನಗೂ ಗೊತ್ತಿಲ್ಲ ಯಜಮಾನರೇ ಅಂದೆ. ನೀತಿ ಮಾಡಿದವರು, ತಡೆ ತಂದವರು ಯಾರೂ ಆ ಅಜ್ಜನ ಎದುರು ನಿಲ್ಲಲಿಲ್ಲ. ನಿಂತದ್ದು ನಾನು.

ನಾನು ತುಂಗಭದ್ರಾ ಎಡದಂಡೆ ಕಡೆಯ ಒಂದು ಪ್ರೌಢಶಾಲೆಯ ಎಚ್‌ಎಂ. ಬಿಸಿಲೂರ ಮೇಷ್ಟ್ರು ಏನು ಮಾಡುತ್ತಿದ್ದೀರಿ ಅಂತ ಕೇಳಿದರಲ್ಲ, ಹೇಳುತ್ತೇನೆ. ದೊಡ್ಡ ಸಾಧನೆ ಏನಲ್ಲ.

ಮೊದಲನೆಯದು, ಜೂನ್‌ನಲ್ಲಿ ಸೇತುಬಂಧದ (ಹಿಂದಿನ ತರಗತಿಯ ಕಲಿಕೆ ನೆನಪಿಸುವ ಕಾರ್ಯಕ್ರಮ) ಹೊತ್ತಿಗೆ ಎಂಟನೇ ಕ್ಲಾಸಿಗೆ ಬಂದ ಪ್ರತಿ ಮಗುವನ್ನೂ ನಾನೇ ನನ್ನ ಕೋಣೆಗೆ ಕರೆದು ಒಂದು ಪುಟ ಓದಿಸುತ್ತೇನೆ. ಎರಡು ವಾರ ಹಿಡಿಯುತ್ತದೆ. ಮೊದಲ ವರ್ಷ 52ರಲ್ಲಿ 19 ಮಕ್ಕಳಿಗೆ ಒತ್ತಕ್ಷರ ದಾಟೋಕೆ ಬರಲಿಲ್ಲ. ಅವರಿಗೆ ಬೆಳಗಿನ ಮೊದಲ ಪಿರಿಯಡ್ ಬರೀ ಓದು. ಗಣಿತದವರು, ಪಿಇ ಮೇಷ್ಟ್ರು, ಯಾರು ಖಾಲಿ ಇದ್ದಾರೋ ಅವರು ನಾಲ್ಕು ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಓದಿಸುತ್ತಾರೆ. ಪ್ರಾಥಮಿಕ ಶಾಲೆಯಿಂದ ಎರಡನೇ, ಮೂರನೇ ಕ್ಲಾಸಿನ ಪುಸ್ತಕ ತಂದೆವು. ಮಕ್ಕಳಿಗೆ ನಾಚಿಕೆ ಆಗುತ್ತದೆ ಅಂತ ಹಳೇ ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿಸಿದೆ.

ಎರಡನೆಯದು ಸ್ವಲ್ಪ ಅಪಾಯದ್ದು. ಸಂಜೆ ಮೂರೂವರೆ ತನಕ ವಾಟ್ಸಾಪ್ ನೋಡಲ್ಲ ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಾಹೇಬರ ಎದುರೇ ಹೇಳಿದೆ. ಊಟದ ಲೆಕ್ಕ ಬೆಳಗ್ಗೆ ಒಂದೇ ಸಲ ಕಳಿಸುತ್ತೇನೆ, ಉಳಿದದ್ದು ಸಂಜೆ. ಎರಡು ತಿಂಗಳು ಬೈಸಿಕೊಂಡೆ. ಆಮೇಲೆ ಅವರೇ ಸುಮ್ಮನಾದರು. ಎಲ್ಲರಿಗೂ ಇದು ನಡೆಯುತ್ತದೆ ಅಂತ ಹೇಳಲ್ಲ, ನನ್ನದು ಇನ್ನು ಮೂರೇ ವರ್ಷ ಸರ್ವಿಸ್.

ಮೂರನೆಯದು, ಫೇಲಾದ ಮಕ್ಕಳನ್ನು ಬಿಡಲ್ಲ. ಈಗ ಸಪ್ಲಿಮೆಂಟರಿ ಅನ್ನುವ ಹೆಸರೇ ಹೋಯಿತು, ಪರೀಕ್ಷೆ-1, 2, 3 ಅಂತ ಮೂರು ಅವಕಾಶ. ರಜೆ ಹಾಳಾಗುತ್ತದೆ ಅಂತ ನಮ್ಮವರು ಗೊಣಗಿದರು, ನಾನೂ ಗೊಣಗಿದೆ. ಆದರೆ ಏಳು ಮಕ್ಕಳು ಎರಡು, ಮೂರರಲ್ಲಿ ದಾಟಿದರು. ಬೇಜಾರು ಏನೆಂದರೆ ಜಿಲ್ಲೆಗಳ ಸ್ಥಾನ ಹಾಕುವುದು, ನಮಗೆ ನೋಟಿಸ್ ಕೊಡುವುದು ಎಲ್ಲಾ ಪರೀಕ್ಷೆ-1ರ ಮೇಲೆ. ಈ ಏಳು ಮಕ್ಕಳು ಯಾವ ಸಭೆಯಲ್ಲೂ ಲೆಕ್ಕಕ್ಕೆ ಬರಲಿಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ನಾನೇ ಹೆಸರು ಓದಿದೆ.

ಅತಿಥಿ

ಟೀಚರ್, ಇದನ್ನೆಲ್ಲ ಓದಿ ಖುಷಿಯಾಯಿತು, ಆದರೆ ನಮ್ಮಂಥ ಅತಿಥಿ ಶಿಕ್ಷಕರ ಬಗ್ಗೆ ಯಾರೂ ಮಾತೇ ಆಡಲಿಲ್ಲ. ಫಲಿತಾಂಶ ಬಂದರೆ ಎಚ್‌ಎಂಗೆ ಹಾರ, ಬಿದ್ದರೆ 'ಅತಿಥಿ ಶಿಕ್ಷಕರಿದ್ದರು' ಅಂತ ಸಮಜಾಯಿಷಿಯಲ್ಲಿ ಒಂದು ಸಾಲು. ಮೇಷ್ಟ್ರೇ, ನಿಮ್ಮ ನಾಲ್ಕು ಪುಟದಲ್ಲೂ ಅದೇ ಇದೆಯಲ್ಲಾ.

ಬಿಸಿಲೂರ ಮೇಷ್ಟ್ರು

ಹೌದು ಸರ್. ತಪ್ಪಾಯಿತು. ಅವರು ಬಂದದ್ದು ತಡ ಅನ್ನುವುದು ನನ್ನ ಮಾತಾಗಿತ್ತು, ಬಂದ ಮೇಲೆ ಚೆನ್ನಾಗಿ ಮಾಡಿದರು ಅಂತ ಬರೆಯಲಿಲ್ಲ. ಗಣಿತದಲ್ಲಿ ಗ್ರಾಫ್ ಒಂದನ್ನು ಸಿ ಗುಂಪಿಗೂ ಕಲಿಸಿದ್ದು ಅವರೇ.

ಬೈಕ್ ಸಿಆರ್‌ಪಿ

ಒಂದು ಭವಿಷ್ಯ ಹೇಳಲಾ? ಈ ವರ್ಷದಿಂದ (2025-26) ಪಾಸಾಗೋಕೆ ಒಟ್ಟು ಶೇ 33 ಸಾಕು, ಅಂದರೆ 625ಕ್ಕೆ 206, ಪ್ರತಿ ವಿಷಯದಲ್ಲಿ ಶೇ 30. ಮೊದಲು 35 ಇತ್ತು. ಫಲಿತಾಂಶ ಏರೇ ಏರುತ್ತದೆ. ಆಗ ವೇದಿಕೆ ಮೇಲೆ ಯಾರಿಗೆ ಶಾಲು ಹೊದಿಸುತ್ತಾರೆ ನೋಡುತ್ತಿರಿ.

ಹಳೇ ಗಂಟೆ

ನನಗಂತೂ ಬೇಡಪ್ಪ, ಕರೆಂಟ್ ಬಿಲ್‌ಗೆ ಒಂದು ಫಲಕ ಸಾಕು.

ಮೇಷ್ಟ್ರೇ, ನಿಮಗೊಂದು ಮಾತು. ಆ ಹುಡುಗನಿಗೆ ಈಗ ಪಾಸಿಂಗ್ ಪ್ಯಾಕೇಜ್ ಬಾಯಿಪಾಠ ಮಾಡಿಸಬೇಡಿ. ಬರವಣಿಗೆ ಅಷ್ಟು ಚೆನ್ನಾಗಿದೆ ಅಂದರೆ ಕಣ್ಣು, ಕೈ ಸರಿ ಇವೆ. ಅಕ್ಷರಕ್ಕೂ ಶಬ್ದಕ್ಕೂ ಗಂಟು ಬಿದ್ದಿಲ್ಲ, ಅಷ್ಟೇ. ನಾನು ಅಂಥವರನ್ನು ಕಂಡಿದ್ದೇನೆ. ಅವನ ಮನೆಯವರ ಹೆಸರು, ಓಣಿಯ ಹೆಸರು, ಅವನು ಮೇಯಿಸುವ ಆಡಿನ ಹೆಸರು ಬರೆಸಿ ಅಲ್ಲಿಂದ ಶುರು ಮಾಡಿ. ಮಾರ್ಚ್‌ಗೆ ಪಾಸಾಗುತ್ತಾನೋ ಇಲ್ಲವೋ ನಾನು ಹೇಳಲಾರೆ.

ತೆರಿಗೆ ಕಟ್ಟುವವ

ನನ್ನ ಮಾತು ವಾಪಸ್ ತಗೊಳ್ಳಲ್ಲ, ಲೆಕ್ಕ ಕೇಳಲೇಬೇಕು. ಆದರೆ ಗಣಿತಕ್ಕೆ ಆಗಸ್ಟ್ ತನಕ ಮೇಷ್ಟ್ರನ್ನು ಕೊಡದವರಿಗೂ ಮೂರು ದಿನದ ನೋಟಿಸ್ ಹೋಗಬೇಕು. ಅದು ಯಾರಿಗೆ ಹೋಗಬೇಕು ಅಂತ ಹೇಳಿ, ಮಾಹಿತಿ ಹಕ್ಕಿನಲ್ಲಿ ಅರ್ಜಿ ನಾನು ಹಾಕುತ್ತೇನೆ. ನೀವು ಹಾಕಿದರೆ ತೊಂದರೆ, ನನಗೇನು.

ತುಂಗಭದ್ರಾ ಟೀಚರ್

ಹಾಕಿ ಸರ್! ಒಂದು ಶಾಲೆ ಅಂತ ಕೇಳಬೇಡಿ, ಮೇಷ್ಟ್ರು ಸಿಕ್ಕಿಬೀಳುತ್ತಾರೆ. ಇಡೀ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ವಿಷಯವಾರು ಖಾಲಿ ಹುದ್ದೆ ಎಷ್ಟು, ಅತಿಥಿ ಶಿಕ್ಷಕರು ಸೇರಿದ ದಿನಾಂಕ ಯಾವುದು ಅಂತ ಕೇಳಿ.

ಮೇಷ್ಟ್ರೇ, ಈ ವರ್ಷ ಎಷ್ಟು ಮಕ್ಕಳು ಗುಳೆ ಹೋಗಿದ್ದಾರೆ?

ಬಿಸಿಲೂರ ಮೇಷ್ಟ್ರು

ಹತ್ತನೇ ಕ್ಲಾಸಿನಲ್ಲಿ ಐದು, ಟೀಚರ್. ಮೂವರ ಅಪ್ಪಂದಿರ ಫೋನ್ ಸಿಕ್ಕಿತು. ಒಬ್ಬರು ಪುಣೆಯಲ್ಲಿ ಕಟ್ಟಡ ಕೆಲಸದಲ್ಲಿದ್ದಾರೆ, ಮಗಳು ಅಲ್ಲಿ ಚಿಕ್ಕ ತಮ್ಮನನ್ನು ನೋಡಿಕೊಳ್ಳುತ್ತಿದ್ದಾಳೆ. ಅಜ್ಜಿ ಇಲ್ಲೇ ಊರಲ್ಲಿದ್ದಾಳೆ, ನಾನೇ ಹೋಗಿ ಕೇಳಿದೆ, ಇಟ್ಟುಕೊಳ್ಳುತ್ತೇನೆ ಅಂದಳು. ಆದರೆ ತಮ್ಮನನ್ನೂ ಕಳಿಸಿದರೆ ಮಾತ್ರ, ಇಲ್ಲದಿದ್ದರೆ ಅವನು ಅಳುತ್ತಾನಂತೆ. ಅಪ್ಪ ಇಬ್ಬರನ್ನೂ ಶನಿವಾರ ರಾತ್ರಿ ರೈಲಿಗೆ ಹತ್ತಿಸುತ್ತೇನೆ ಅಂದಿದ್ದಾರೆ, ಪರಿಚಯದವರು ಒಬ್ಬರು ಜೊತೆಗೆ ಬರುತ್ತಾರೆ.

ಭಾನುವಾರ ಬೆಳಗ್ಗೆ ಕಲಬುರಗಿ ಸ್ಟೇಷನ್‌ಗೆ ಹೋಗಬೇಕು. ಅವತ್ತು ವಿಶೇಷ ತರಗತಿಯ ಫೋಟೊ ಹಾಕಿ ಅಂತ ಗುಂಪಿನಲ್ಲಿ ಬಂದಿದೆ, ಸಮಾಜ ವಿಜ್ಞಾನ ನನ್ನದೇ. ಹೋಗಿಬಂದು ನೋಡೋಣ.